ಕಂಪ್ಲಿ ದಾರಿಯ ಕಬ್ಬು

ನನ್ನ ಮುಖವನ್ನು ಮೊದಲ ಸಲ ಫ್ಲೆಕ್ಸ್ ಮೇಲೆ ಕಂಡಾಗ ನಾನು ತೀರಿಕೊಂಡಿದ್ದೇನೆ ಎಂದೇ ಭಾವಿಸಿದೆ. ನಮ್ಮ ಹೊಸಪೇಟೆಯಲ್ಲಿ ನನ್ನ ವಯಸ್ಸಿನ ಹೆಂಗಸಿನ ಫೋಟೋ ಸರ್ಕಲ್ಲಿನಲ್ಲಿ ಏಳುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಕೆಳಗೆ ಎರಡು ದೀಪ, ಮೇಲೆ 'ಮತ್ತೆ ಹುಟ್ಟಿ ಬಾ' ಎಂಬ ಸಾಲು. ಇಲ್ಲಿ ದೀಪಗಳ ಜಾಗದಲ್ಲಿ ಸೈಕಲ್ಲಿನ ಗಾಲಿಗಳಿದ್ದವು. ಹೆಲ್ಮೆಟ್ ಹಾಕಿಕೊಂಡು ಹಲ್ಲು ಕಿರಿಯುತ್ತಿರುವ ನಾನು, ನನ್ನ ಪಕ್ಕದಲ್ಲಿ ದಪ್ಪ ಅಕ್ಷರಗಳಲ್ಲಿ 'ಸಕ್ಕರೆಗೆ ಬೇಡ ಅನ್ನೋಣ, ಸೈಕಲ್ ತುಳಿಯೋಣ'.

"ಫೋಟೋಕ್ಕ ಹಾರ ಹಾಕಿಲ್ಲ ನೋಡ್ರಿ ವೈನಿ. ಅಂದ್ರ ಇನ್ನೂ ಜೀವಂತ ಅದೀರಿ," ಎಂದಳು ನನ್ನ ನಾದಿನಿ, ಬಾಳೆಹಣ್ಣಿನ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ.

ಅವಳು ನನ್ನವರ ತಂಗಿ. ಹೈಸ್ಕೂಲಿನಲ್ಲಿ ಹೊಲಿಗೆ ಟೀಚರಾಗಿದ್ದವಳು, ಮದುವೆಯಾಗಲಿಲ್ಲ. ನನ್ನವರು ಹೋದ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿ ದಿನಕ್ಕೆರಡು ಜಗಳ ಮಾಡಿಕೊಂಡು ಸುಖವಾಗಿದ್ದೇವೆ.

ನಮ್ಮೂರಿನಲ್ಲಿ ಒಂದು ಸೈಕಲ್ ಬಳಗವಿದೆ. ತೋರಣಗಲ್ಲಿನ ಸ್ಟೀಲ್ ಕಾರ್ಖಾನೆಯ ಎಂಜಿನಿಯರುಗಳು, ಬ್ಯಾಂಕಿನವರು, ಒಬ್ಬ ಹಲ್ಲಿನ ಡಾಕ್ಟರು, ಎಲ್ಲ ನನ್ನ ಅರ್ಧ ವಯಸ್ಸಿನವರು. ಇನ್ಸುಲಿನ್ ಚುಚ್ಚಿಕೊಂಡೇ ಬದುಕಬೇಕಾದ ಮಕ್ಕಳಿಗಾಗಿ ಅವರು ಒಂದು ಸವಾರಿ ಇಟ್ಟುಕೊಂಡಿದ್ದರು. ಬೆಳಗಿನ ಜಾವ ಹೊಸಪೇಟೆಯಿಂದ ಹೊರಟು ಸಂಡೂರಿನ ಗುಡ್ಡ ಏರಿ, ತೋರಣಗಲ್ಲಿಗೆ ಇಳಿದು, ದರೋಜಿಯ ಮೇಲೆ ಕಂಪ್ಲಿ ಸೇರಿ, ಹಂಪಿಯ ಕಡೆಯಿಂದ ಹೊತ್ತು ಮುಳುಗುವುದರೊಳಗೆ ಮತ್ತೆ ಹೊಸಪೇಟೆ. ನೂರು ಕಿಲೋಮೀಟರಿಗೂ ಮೀರಿದ ದಾರಿ. ಊರಿನ ಜನ ಕೈ ಬಿಚ್ಚಿ ಕೊಟ್ಟಿದ್ದರು. ಮಕ್ಕಳ ಸಕ್ಕರೆ ನೋಡುವ ಪಟ್ಟಿಗಳಿಗೆ, ಔಷಧ ತಣ್ಣಗಿಡುವ ಫ್ರಿಜ್ಜಿಗೆ ವ್ಯವಸ್ಥೆಯಾಗಿತ್ತು. ತುಳಿಯುವುದೊಂದು ಬಾಕಿ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲೇ ಒಬ್ಬರು ತುಳಿದರೆ ಚೆನ್ನ ಎಂದು ಹಲ್ಲಿನ ಡಾಕ್ಟರು ಹೇಳಿದಾಗ ನಾನು ಕೈ ಎತ್ತಿದೆ. ಕಾನ್ವೆಂಟಿನ ಅಭ್ಯಾಸ. ಯಾರಾದರೂ 'ವಾಲಂಟಿಯರ್ಸ್?' ಅಂದರೆ ನನ್ನ ಕೈ ನನ್ನನ್ನು ಕೇಳದೆಯೇ ಮೇಲೇಳುತ್ತದೆ.

ಸೈಕಲ್ ಕಲಿತದ್ದೂ ಅಲ್ಲೇ, ಬಳ್ಳಾರಿಯ ಕಾನ್ವೆಂಟಿನ ಅಂಗಳದಲ್ಲಿ. ನಮ್ಮ ತಂದೆ ರೈಲ್ವೆಯಲ್ಲಿದ್ದರು, ಪಾಸಿತ್ತು, ಹಾಸ್ಟೆಲ್ಲಿಗೆ ಬಿಟ್ಟರು. ಅಲ್ಲಿ ಸಿಸ್ಟರುಗಳಿಗೆ ಮಾರ್ಕೆಟ್ಟಿಗೆ ಹೋಗಲು ಒಂದು ಕಪ್ಪು ಲೇಡೀಸ್ ಸೈಕಲ್ ಇತ್ತು. ಕಸೂತಿ ಮುಗಿಸಿದ ಹುಡುಗಿಗೆ ಶನಿವಾರ ಒಂದು ರೌಂಡು. ನಾನು ಕಸೂತಿಯಲ್ಲಿ ಶತದಡ್ಡಿ. ಆದರೆ ಆ ಒಂದು ರೌಂಡಿಗಾಗಿ ಎಷ್ಟು ಟೇಬಲ್‌ಕ್ಲಾತುಗಳ ಮೇಲೆ ಎಷ್ಟು ಗುಲಾಬಿ ಅರಳಿಸಿದೆನೋ! ಹಾಫ್‌ಸಾರಿಯ ಸೆರಗಿಗೆ ಸೇಫ್ಟಿಪಿನ್ ಚುಚ್ಚಿಕೊಂಡು, ಗಾಳಿ ಕಿವಿಯಲ್ಲಿ ಗುಂಯ್ಗುಡುತ್ತ ಹೋಗುವಾಗ ಮದರ್ ವರಾಂಡದಿಂದ ಕೂಗುತ್ತಿದ್ದರು: "ಬ್ಯಾಕ್ ಸ್ಟ್ರೇಟ್, ಗರ್ಲ್! ಯು ಆರ್ ನಾಟ್ ಎ ಸ್ಯಾಕ್ ಆಫ್ ರೈಸ್!" ಆ ಇಂಗ್ಲಿಷಿನಿಂದಲೇ ಮುಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತು. ವರ್ಷಗಟ್ಟಲೆ 'ನಂಬರ್ ಪ್ಲೀಸ್' ಅಂದೆ. ಸೈಕಲ್ ಮಾತ್ರ ಮದುವೆಯಾದ ದಿನವೇ ನಿಂತುಹೋಗಿತ್ತು.

ನನ್ನವರಿಗೂ ಸಕ್ಕರೆ ಕಾಯಿಲೆ ಇತ್ತು. ಕಾಲಿನ ಗಾಯ ಮಾಯಲಿಲ್ಲ. ಅವರು ಹೋದ ಮೇಲೆ, ನನ್ನ ಮಂಡಿಗೆ ನಡೆಯುವುದು ಆಗದು ಎಂದಾಗ ಡಾಕ್ಟರು ಸೈಕಲ್ ಹೇಳಿದರು. ಗೇರಿನ ಸೈಕಲ್ ಕೊಂಡೆ. ಮೊದಲ ದಿನ ಓಣಿಯ ತುದಿಗೆ ಹೋಗಿ ಬಂದು ಕಾಂಪೌಂಡ್ ಗೋಡೆ ಹಿಡಿದು ನಿಂತಾಗ ಅಳು ಬಂತು. ದುಃಖವಲ್ಲ. ಇಷ್ಟು ವರ್ಷ ಇದನ್ನೇಕೆ ಬಿಟ್ಟಿದ್ದೆ ಎಂದು.

ಇರಲಿ, ಇಷ್ಟೇ ಆಗಿದ್ದರೆ ಇದನ್ನು ಬರೆಯಲು ಕೂರುತ್ತಿರಲಿಲ್ಲ. ನಡುವೆ ಒಬ್ಬ ಹುಡುಗಿಯ ಶಾಲೆ ಬಂತು.

ನನ್ನನ್ನು ತಿಂಗಳಿಗೊಮ್ಮೆ ಕ್ಲಿನಿಕ್ಕಿಗೆ ಕರೆದೊಯ್ಯುವ ಆಟೋದವನು ಚಿತ್ತವಾಡ್ಗಿಯವನು. ಅವನ ಮಗಳು ಒಂಬತ್ತನೆಯ ಕ್ಲಾಸು. ಎರಡು ವರ್ಷದಿಂದ ಇನ್ಸುಲಿನ್ ಮೇಲಿದ್ದಾಳೆ. ನನ್ನದು ವಯಸ್ಸಿನೊಂದಿಗೆ ಬಂದ ಕಾಯಿಲೆ, ಅವಳದು ಬಾಲ್ಯದಲ್ಲೇ ಬಂದದ್ದು. ಸವಾರಿಗೆ ಒಂದು ವಾರವಿರುವಾಗ ಅಪ್ಪ, ಮಗಳು, ನಾನು ಮೂವರೂ ಅದೇ ಆಟೋದಲ್ಲಿ ಕ್ಲಿನಿಕ್ಕಿನಿಂದ ಬರುತ್ತಿದ್ದೆವು. ಸೋಮವಾರ, ಹಗಲು ಹೊತ್ತು, ಹುಡುಗಿಯ ಮೈಮೇಲೆ ಯೂನಿಫಾರ್ಮ್ ಇರಲಿಲ್ಲ.

"ಸಾಲಿ ರಜಾ ಏನವಾ?" ಎಂದು ಕೇಳಿದೆ.

ಹುಡುಗಿ ಅಪ್ಪನ ಬೆನ್ನು ನೋಡಿದಳು. ಉತ್ತರ ಮುಂದಿನಿಂದ ಬಂತು. "ಸಾಲಿ ಬಿಡಿಸೀನ್ರಿ ಅಮ್ಮಾರ."

"ಯಾಕಪ್ಪಾ? ಶಾಣ್ಯಾ ಹುಡುಗಿ."

"ಶಾಣ್ಯಾ ಅದಾಳ್ರಿ, ಒಪ್ತೀನಿ. ಆದ್ರ ಹೋದ ತಿಂಗಳ ಕ್ಲಾಸಿನಾಗ ಬಿದ್ಳು. ಬೆಂಚಿನ ಮ್ಯಾಲಿಂದ ಧಪ್ಪಂತ. ನಾ ಹೋಗೋದ್ರಾಗ ಮೈಯೆಲ್ಲಾ ತಣ್ಣಗ, ಕಣ್ಣು ಮ್ಯಾಲೆ. ಇನ್ನೊಮ್ಮೆ ಅದನ್ನ ನೋಡೋ ಗುಂಡಿಗಿ ನನಗಿಲ್ಲ. ಮನ್ಯಾಗಿದ್ರ ಕಣ್ಣ ಮುಂದ ಇರ್ತಾಳ."

"ಬರೋ ಸೋಮವಾರದಿಂದ ಹೋಗಲಿಲ್ಲಂದ್ರ ಪರೀಕ್ಷಿಗೆ ಕುಂದ್ರಸಂಗಿಲ್ಲಂತ್ರಿ ಅಜ್ಜಿ," ಎಂದಳು ಹುಡುಗಿ ಮೆಲ್ಲಗೆ. "ಹಾಜರಿ ಸಾಲಂಗಿಲ್ಲ."

ನನಗೆ ಸಿಟ್ಟು ಬಂತು. "ಇನ್ಸುಲಿನ್ ತಗೊಳೋರು ಹೊರಗ ಹೋಗಬಾರದು ಅಂತ ಯಾವ ಕಾನೂನು ಐತಿ? ನಾ ತಗೋತೀನಲ್ಲ. ಬರೋ ಐತವಾರ ಸಂಡೂರು, ಕಂಪ್ಲಿ, ಹಂಪಿ ಎಲ್ಲಾ ಸುತ್ತಿ ಬರ್ತೀನಿ."

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. "ಸೈಕಲ್ ಮ್ಯಾಲ?"

"ಸೈಕಲ್ ಮ್ಯಾಲ."

"ಎಲ್ಲೂ ಬೀಳದಂಗ?"

"ಎಲ್ಲೂ ಬೀಳದಂಗ."

ಆಟೋವನ್ನು ಪಕ್ಕಕ್ಕೆ ನಿಲ್ಲಿಸಿ ಹಿಂದಕ್ಕೆ ತಿರುಗಿ ಕೂತ. "ಹಂಗಾರ ಒಂದು ಮಾತು. ನಾ ನಿಮ್ಮ ಹಿಂದ ಬರ್ತೀನಿ, ಬಾಡಿಗಿ ಬ್ಯಾಡ. ನಿಮ್ಮ ನೀರು, ಬಿಸ್ಕಟ್ಟು ನನ್ನ ಆಟೋದಾಗ ಇರ್ಲಿ. ನೀವು ಬೀಳದಂಗ ಪೂರಾ ಸುತ್ತು ಹಾಕಿದ್ರ ಇಕಿನ್ನ ಸೋಮವಾರ ಸಾಲಿಗೆ ಬಿಡ್ತೀನಿ. ನಡುದಾರ್ಯಾಗ ನಿಮ್ಮ ಸೈಕಲ್ ನನ್ನ ಆಟೋ ಏರಿತಂದ್ರ ಸಾಲಿ ಮಾತು ಮುಗೀತು. ಮತ್ತ ಯಾರೂ ಎತ್ತಬಾರದು."

"ಯಪ್ಪಾ! ಅಜ್ಜಿ ಕಾಲಿನ ಮ್ಯಾಲ ನನ್ನ ಸಾಲಿ ಇಟ್ಟಿಯಲ್ಲೋ!" ಎಂದು ಹುಡುಗಿ ಚೀರಿದಳು. ನನ್ನ ಕಾಲುಗಳನ್ನು ಅವಳು ನೋಡಿದ ರೀತಿ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ವಿಶ್ವಾಸವೇನೂ ಇರಲಿಲ್ಲ ಅದರಲ್ಲಿ.

ಐತವಾರ ಹೊರಟೆವು. ಜನವರಿಯ ಚಳಿ. ಬಳಗದ ಹುಡುಗರು ಸ್ವಲ್ಪ ದೂರ ಜೊತೆಯಾಗಿ ಬಂದು, "ಆಂಟಿ, ಸ್ಲೋ ಅಂಡ್ ಸ್ಟೆಡಿ," ಎಂದು ನನಗೇ ಬುದ್ಧಿ ಹೇಳಿ ಮುಂದೆ ಹೋದರು. ಹಿಂದೆ ಆಟೋದ ಸದ್ದು. ಸಂಡೂರಿನ ಏರಿನಲ್ಲಿ ಮಣ್ಣು ಕೆಂಪಗಾಗುತ್ತದೆ, ಗಿಡದ ಎಲೆಗಳೂ ಕೆಂಪು, ರಸ್ತೆಯೂ ಕೆಂಪು. ಅದಿರಿನ ಲಾರಿಗಳು ಪಕ್ಕದಲ್ಲಿ ಹಾದಾಗ ಗಾಳಿ ನಮ್ಮನ್ನು ಎಳೆದು ಬಿಡುತ್ತದೆ. ಕಡಿಮೆ ಗೇರು ಹಾಕಿ, ನಾಲ್ಕು ತುಳಿತಕ್ಕೊಂದು ಉಸಿರು ಎಂಬಂತೆ ಏರಿದೆ. ಒಬ್ಬ ಲಾರಿ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಏ ಅಜ್ಜೀ, ಕೊಂಡಿ ಹಾಕ್ಲೇನು?" ಎಂದ. ಉಸಿರಿದ್ದಿದ್ದರೆ ಉತ್ತರ ಕೊಡುತ್ತಿದ್ದೆ. ಮೇಲೆ ಮುಟ್ಟಿದಾಗ ಆಟೋದವನು ಒಮ್ಮೆ ಹಾರ್ನ್ ಬಾರಿಸಿದ.

ನನ್ನ ನಾದಿನಿಗೆ ಈ ದಾರಿಯ ಪ್ರತಿ ಊರಿನಲ್ಲೂ ಒಬ್ಬೊಬ್ಬ ಹಳೆಯ ಶಿಷ್ಯೆ ಇದ್ದಾಳೆ. ಎಲ್ಲರಿಗೂ ಮೊದಲೇ ಫೋನ್ ಮಾಡಿ ಹೇಳಿದ್ದಳು: "ನಮ್ಮ ವೈನಿ ಬರ್ತಾರ. ಚೊಲೋ ನೋಡಿಕೊಳ್ರಿ. ಆದ್ರ ಸಿಹಿ ಕೊಟ್ಟೀರಿ ಮತ್ತ!" ಅದರ ಮೇಲೆ ಆ ಫ್ಲೆಕ್ಸ್ ಎಲ್ಲರ ಮೊಬೈಲಿಗೂ ಹೋಗಿತ್ತು. ನಮ್ಮ ಕಡೆ ಬಂದವರಿಗೆ ಚಾ ಕುಡಿಸದೆ ಕಳಿಸುವುದಿಲ್ಲ, ಕುಡಿಯದೆ ಹೋದರೆ ಅದು ಅವಮಾನ. ಹಾಗಾಗಿ ಪ್ರತಿ ಬಾಗಿಲಲ್ಲೂ ನನಗಾಗಿ ಸಕ್ಕರೆಯಿಲ್ಲದ ಸಪ್ಪನ್ ಚಾ ಕಾದಿತ್ತು. ಸಂಡೂರಿನ ಶಿಷ್ಯೆಯಂತೂ ಹಾಗಲಕಾಯಿಯ ಜ್ಯೂಸು, ಮೊಳಕೆ ಹೆಸರು, ಸೌತೆಕಾಯಿ ಜೋಡಿಸಿ ಇಟ್ಟಿದ್ದಳು.

"ಅನ್ನ ಇಲ್ರಿ, ರೊಟ್ಟಿನೂ ಇಲ್ಲ. ಎಲ್ಲಾ ಯೂಟ್ಯೂಬಿನಾಗ ನೋಡಿ ಮಾಡೀನ್ರಿ," ಎಂದಳು ಹೆಮ್ಮೆಯಿಂದ.

ಡಾಕ್ಟರು ನನಗೆ ಹೇಳಿದ್ದೇ ಬೇರೆ. ಇನ್ಸುಲಿನ್ ತೆಗೆದುಕೊಂಡವರು ಇಷ್ಟು ದೂರ ತುಳಿದರೆ ರಕ್ತದ ಸಕ್ಕರೆ ತಳ ಕಾಣುತ್ತದೆ. ದಾರಿಯುದ್ದಕ್ಕೂ ಹೊಟ್ಟೆಗೆ ಅನ್ನವೋ ರೊಟ್ಟಿಯೋ ಬಿದ್ದಿರಬೇಕು, ಆಗಾಗ ಸಿಹಿಯೂ ಬೇಕು. ಇದು ನನಗೆ ಗೊತ್ತಿತ್ತು. ಆದರೆ ತಟ್ಟೆಯಲ್ಲಿ ಇಲ್ಲದ್ದನ್ನು ಕೇಳಬಾರದು, ಇದ್ದದ್ದನ್ನು ಬಿಡಬಾರದು ಎಂದು ಕಾನ್ವೆಂಟಿನ ಡೈನಿಂಗ್ ಹಾಲಿನಲ್ಲಿ ಕಲಿತದ್ದು ಮೂಳೆಗಿಳಿದಿದೆ. ಆ ಶಿಷ್ಯೆಯ ಮುಖ ನೋಡಿ ಹಾಗಲಕಾಯಿ ಜ್ಯೂಸನ್ನು ಪೂರ್ತಿ ಕುಡಿದೆ. 'ವೆರಿ ರಿಫ್ರೆಶಿಂಗ್' ಅಂದೆ. ಇನ್ನೊಂದು ಲೋಟ ಹಾಕಿದಳು.

ತೋರಣಗಲ್ಲಿನಲ್ಲಿ ಶಿಫ್ಟ್ ಬಿಡುವ ಹೊತ್ತು. ಬಸ್ಸುಗಳ ಸಾಲಿನ ನಡುವೆ ದಾರಿ ಮಾಡಿಕೊಂಡು ಹೋಗುವಾಗ ಹಿಂದೆ ಆಟೋದ ಟಯರು ಪಂಕ್ಚರಾಯಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ.

"ನೀವು ನಿಂತ್ರ ಕಾಲು ಬಿಗಿತಾವು. ನಡೀರಿ ಅಮ್ಮಾರ, ಇದನ್ನ ಹಾಕಿಸಿಕೊಂಡು ಬಂದ ಬಿಡ್ತೀನಿ," ಎಂದ ಅವನು, ಚಕ್ರ ಬಿಚ್ಚುತ್ತ.

ಸೈಕಲ್ಲಿನ ಮುಂದಿನ ಚೀಲದಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣವಿತ್ತು. ದರೋಜಿಯ ಕೆರೆಯ ಬಳಿ ಅದನ್ನು ಮುಗಿಸಿದೆ. ಉಳಿದದ್ದೆಲ್ಲ ಆಟೋದಲ್ಲಿ. ಈಗ ಬರುತ್ತಾನೆ, ಈಗ ಬರುತ್ತಾನೆ ಎಂದುಕೊಂಡೇ ಮೆಟ್ರಿ ದಾಟಿದೆ. ಮಧ್ಯಾಹ್ನದ ಬಿಸಿಲು. ಅಲ್ಲಿಂದ ಮುಂದೆ ನೆಲದ ಬಣ್ಣವೇ ಬದಲು. ಕಾಲುವೆ, ಭತ್ತ, ಬಾಳೆ, ಎರಡೂ ಬದಿ ಆಳೆತ್ತರದ ಕಬ್ಬು. ಹಿಂದೆ ನಮ್ಮೂರಿನಲ್ಲೇ ಸಕ್ಕರೆ ಕಾರ್ಖಾನೆ ನಡೆಯುತ್ತಿದ್ದಾಗ ಈ ದಿನಗಳಲ್ಲಿ ಊರಿಗೆ ಊರೇ ಬೆಲ್ಲದ ವಾಸನೆ ಹೊಡೆಯುತ್ತಿತ್ತು. ಎಕ್ಸ್‌ಚೇಂಜಿನ ಕಿಟಕಿ ತೆಗೆದರೆ ಸಾಕು. ಈಗ ಕಬ್ಬು ದೂರದ ಊರುಗಳಿಗೆ ಹೋಗುತ್ತದೆ.

ಸಕ್ಕರೆ ಇಳಿಯುವಾಗ ನನಗೆ ಮೊದಲು ಬರುವುದು ಸಿಟ್ಟು. ಮೈಲಿಗಲ್ಲಿನ ಮೇಲೆ ಸಿಟ್ಟು ಬಂತು. ತಂತಿಯ ಮೇಲೆ ಕೂತ ಹಕ್ಕಿಯ ಮೇಲೆ ಸಿಟ್ಟು ಬಂತು. ಆಮೇಲೆ ಕುತ್ತಿಗೆಯಲ್ಲಿ ತಣ್ಣನೆಯ ಬೆವರು, ಕೈಬೆರಳುಗಳಲ್ಲಿ ನಡುಕ. ಬ್ರೇಕ್ ಹಿಡಿಯಬೇಕು ಅನ್ನಿಸಿತು, ಯಾವ ಕೈ ಎಂದು ತೋಚಲಿಲ್ಲ. ಸೈಕಲ್ ತಾನೇ ಕಾಲುವೆಯ ದಂಡೆಗೆ ತಿರುಗಿ ಹುಲ್ಲಿನ ಮೇಲೆ ನನ್ನನ್ನು ಉರುಳಿಸಿತು.

ಅಲ್ಲೇ ಕಬ್ಬು ಕಡಿಯುವವರು ಟ್ರಾಕ್ಟರಿಗೆ ಲೋಡ್ ಮಾಡುತ್ತಿದ್ದರು. ಓಡಿಬಂದರು.

"ಯವ್ವಾ, ಫ್ಲೆಕ್ಸಿನ ಅಜ್ಜಿ! ಕಂಪ್ಲಿ ಸರ್ಕಲ್ನಾಗ ಫೋಟೋ ಐತಿ ನೋಡು!" ಎಂದಳು ಒಬ್ಬಳು. ಇನ್ನೊಬ್ಬಳು ಸೆರಗಿನಿಂದ ಗಾಳಿ ಹಾಕಿದಳು. ತಲೆಗೆ ಟವೆಲ್ ಸುತ್ತಿದ ಹಿರಿಯ ಹೆಂಗಸೊಬ್ಬಳು ನೀರು ಕೊಟ್ಟಳು.

"ಸ್ವಲ್ಪ ಬೆಲ್ಲ ಕೊಡ್ರಿ," ಎಂದೆ. "ಇಲ್ಲಾಂದ್ರ ಕಬ್ಬು. ಜಲ್ದಿ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ಅದೊಂದು ಕೇಳಬ್ಯಾಡ್ರಿ ಯಮ್ಮಾ," ಎಂದಳು ಹಿರಿಯಳು. "ನಿಮಗ ಸಕ್ರಿ ಬ್ಯಾನಿ ಐತಂತ ಊರಿಗೆಲ್ಲಾ ಗೊತ್ತೈತಿ."

"ಐತಿ. ಅದಕ್ಕ ಕೇಳಾಕತ್ತೀನಿ. ಈಗ ಸಕ್ರಿ ಕಡಿಮಿ ಆಗೈತಿ."

"ಕಡಿಮಿ ಆದ್ರ ಚೊಲೋನ ಆತಲ್ಲ!" ಎಂದ ಟ್ರಾಕ್ಟರಿನವನು.

"ನಮ್ಮ ಮಾವ ಹಿಂಗ ಬೇಡಿ ಬೇಡಿ ಲಾಡು ತಿಂದು ಸತ್ತ. ಕೊಡಬ್ಯಾಡ್ರೇ ಯಾರೂ," ಎಂದಳು ಗಾಳಿ ಹಾಕುವವಳು. ಇನ್ಯಾರೋ ಬೇವಿನ ಎಲೆ ತಂದು ನನ್ನ ಬಾಯಿಯ ಹತ್ತಿರ ಹಿಡಿದರು.

ಅವರ ತಪ್ಪಿರಲಿಲ್ಲ. ಬೆಳಗಿನಿಂದ ನನ್ನ ದಾರಿಯುದ್ದಕ್ಕೂ ಇದೇ ಪ್ರೀತಿ. ಟ್ರಾಕ್ಟರು ತುಂಬ ಕಬ್ಬು ಕಣ್ಣೆದುರಿಗಿದೆ, ಸಿಹಿ ಬೆಳೆಯುವ ಜನ ಸುತ್ತ ನಿಂತಿದ್ದಾರೆ, ನನ್ನ ಜೀವ ಉಳಿಸಲೆಂದೇ ಒಂದು ತುಂಡನ್ನೂ ಕೊಡುತ್ತಿಲ್ಲ. ವಿವರಿಸಬೇಕೆಂದರೆ ನಾಲಿಗೆ ಹೊರಳಲಿಲ್ಲ. ಹೊರಳಿದಾಗ ಬಂದದ್ದು ಕಾನ್ವೆಂಟಿನ ಮದರ್‌ನ ದನಿ.

"ಗಿವ್ ಮಿ ದಟ್ ಕೇನ್! ದಿಸ್ ಇನ್‌ಸ್ಟಂಟ್!"

"ಇಂಗ್ಲೀಷ್ ಬಂತು! ಮೈಮ್ಯಾಲ ಬಂತೇನವಾ ಅಕಿಗೆ?" ಎಂದು ಗಾಳಿ ಹಾಕುವವಳು ಎರಡು ಹೆಜ್ಜೆ ಹಿಂದೆ ಸರಿದಳು.

ಆ ಎರಡು ಹೆಜ್ಜೆಯ ಸಂದಿನಲ್ಲಿ ನಾನು ಮಂಡಿಯೂರಿಕೊಂಡೇ ಹೋಗಿ ಟ್ರಾಕ್ಟರಿನಿಂದ ಜೋತುಬಿದ್ದಿದ್ದ ಒಂದು ಜಲ್ಲೆ ಹಿಡಿದು ಎಳೆದೆ. ಇನ್ನೊಂದು ತುದಿಯನ್ನು ಟ್ರಾಕ್ಟರಿನವನು ಹಿಡಿದುಕೊಂಡ. "ಬಿಡ್ರಿ ಯಮ್ಮಾ, ಸಾಯ್ತೀರಿ!" ಅವನೆಳೆದ, ನಾನೆಳೆದೆ. ಮರ್ಯಾದಸ್ಥ ಮನೆತನದ ಹೆಂಗಸು, ಹೆಲ್ಮೆಟ್ ಹಾಕಿಕೊಂಡು, ಕಂಪ್ಲಿ ದಾರಿಯಲ್ಲಿ ಕಬ್ಬಿಗಾಗಿ ಜಗ್ಗಾಡುತ್ತಿದ್ದಾಳೆ. ಕೊನೆಗೆ ಕಬ್ಬು ಗಿಣ್ಣಿನಲ್ಲಿ ಲಟಕ್ಕೆಂದು ಮುರಿದು ನನ್ನ ಪಾಲು ನನಗೆ ಬಂತು. ಸಿಪ್ಪೆ ಸುಲಿಯುವ ವ್ಯವಧಾನವಿರಲಿಲ್ಲ. ನನ್ನ ಹಲ್ಲುಗಳೆಲ್ಲ ನನ್ನವೇ, ಅದೊಂದು ಪುಣ್ಯ. ಕಚ್ಚಿ, ಸಿಗಿದು, ಅಗಿದು, ರಸ ಗದ್ದದ ಮೇಲೆ ಇಳಿಯುತ್ತಿರಲು ನುಂಗಿದೆ.

ಎಲ್ಲರೂ ನನ್ನನ್ನೇ ನೋಡುತ್ತ ನಿಂತರು. ನಾನು ಸಾಯುವುದನ್ನು ಕಾಯುತ್ತಿದ್ದರೆಂದು ಕಾಣುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕೈನಡುಕ ತಗ್ಗಿತು. ಟವೆಲ್ಲಿನ ಹೆಂಗಸು ಬಗ್ಗಿ ನನ್ನ ಮುಖ ನೋಡಿದಳು.

"ಲೇ, ಬಣ್ಣ ತಿರುಗಾಕತ್ತೈತಿ ನೋಡ್ರೋ," ಎಂದಳು. ತಾನೇ ಕುಡುಗೋಲು ತೆಗೆದುಕೊಂಡು ಇನ್ನೊಂದು ಜಲ್ಲೆಯ ಸಿಪ್ಪೆಯನ್ನು ಸರಸರ ಹೆರೆದು, ತುಂಡು ಮಾಡಿ ನನ್ನ ಮಡಿಲಿಗೆ ಹಾಕಿದಳು.

ಆಗ ಬಂತು ಆಟೋ.

ಅವನು ಕಂಡದ್ದು ಇಷ್ಟು: ಗುಂಪು, ನೆಲದ ಮೇಲೆ ನಾನು, ಪಕ್ಕದಲ್ಲಿ ಉರುಳಿದ ಸೈಕಲ್. ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಏನೂ ಕೇಳದೆ ಸೈಕಲ್ಲನ್ನು ಎತ್ತಿ ಆಟೋದ ಹಿಂಬದಿಗೆ ತುರುಕಿದ. ಆಮೇಲೆ ನನ್ನ ತೋಳಿಗೆ ಕೈ ಹಾಕಿದ.

"ಏಳ್ರಿ ಅಮ್ಮಾರ. ಕಂಪ್ಲಿ ಆಸ್ಪತ್ರಿ ಹತ್ರದಾಗ ಐತಿ."

"ನಾ ಬರಂಗಿಲ್ಲ."

"ಬಿದ್ದೀರಿ ನೀವು!"

"ಬಿದ್ದಿಲ್ಲಪ್ಪಾ, ಕುಂತೀನಿ."

"ಸುಳ್ಳು ಯಾಕ ಹೇಳ್ತೀರಿ ಯಮ್ಮಾ," ಎಂದಳು ಟವೆಲ್ಲಿನವಳು. "ಸೈಕಲ್ ಸಮೇತ ಉಳ್ಳ್ಯಾಡಿದ್ರಲ್ಲ."

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. "ಇದನ್ನ ನಾ ಹೇಳಿದ್ದು," ಎಂದ. "ಇದನ್ನ."

ಚಿತ್ತವಾಡ್ಗಿಯ ಆ ಹುಡುಗಿ ನೆನಪಾದಳು. ನನ್ನ ಕಾಲುಗಳನ್ನು ಅವಳು ಅಂದಾಜು ಹಾಕಿದ್ದೂ ನೆನಪಾಯಿತು. ನಾಳೆ ಸೋಮವಾರ.

"ಹೌದು, ಬಿದ್ದೆ," ಎಂದೆ. "ನಿನ್ನ ಕರಾರು ಮುರೀತು, ಒಪ್ತೀನಿ. ಆದ್ರ ನಿನ್ನ ಮಗಳು ಬಿದ್ದಾಗ ನೀ ಹೋಗಿದ್ದು ಆಮ್ಯಾಲೆ. ಈಗ ಮೊದಲಿಂದ ಕುಂತು ನೋಡು, ಬಿದ್ದೋರು ಹೆಂಗ ಏಳ್ತಾರ ಅಂತ. ಅಲ್ಲೀತನಕ ಸುಮ್ನಿರು."

ಆಟೋದಿಂದ ಸಕ್ಕರೆ ನೋಡುವ ಪುಟ್ಟ ಮೀಟರು ತರಿಸಿದೆ. ಬೆರಳು ಚುಚ್ಚಿ ತೋರಿಸಿದೆ. ಕಡಿಮೆಯೇ ಇತ್ತು. ಕಬ್ಬು ಅಗಿದೆ, ಬಿಸ್ಕತ್ತು ತಿಂದೆ. ಟವೆಲ್ಲಿನವಳು ತನ್ನ ಬುತ್ತಿಯಿಂದ ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಆ ದಿನ ನನ್ನ ಬಾಯಿಗೆ ಬಿದ್ದ ಮೊದಲ ಗಟ್ಟಿ ಊಟ. ಮತ್ತೆ ಚುಚ್ಚಿದೆ. ಮೀಟರಿನಲ್ಲಿ ಅಂಕಿ ಮೇಲೇರಿತ್ತು. ಕಬ್ಬಿನ ಗ್ಯಾಂಗಿನವರೆಲ್ಲ ತಲೆ ತೂರಿಸಿ ಕ್ರಿಕೆಟ್ ಸ್ಕೋರ್ ನೋಡಿದಂತೆ ನೋಡಿದರು. "ಏರೈತಿ, ಏರೈತಿ!"

"ನಾವು ಕಸಗೊಳ್ಳಾಕ ಹೋಗಿದ್ವಲ್ಲೋ," ಎಂದಳು ಹಿರಿಯಳು ಮೆಲ್ಲಗೆ. "ಒಳ್ಳೇದಕ್ಕ ಅಂತ. ಬಾಯಾಗಿನ ತುತ್ತು ಕಸಗೊಳ್ಳಾಕ ಹೋಗಿದ್ವಿ."

ಆಟೋದವನು ತಲೆ ಎತ್ತಿದ. 

"ನನ್ನ ಮಗಳ ಕೈಯಾಗೂ ಬಿಸ್ಕಟ್ ಇತ್ತಂತ," ಎಂದ. "ತಲಿ ತಿರುಗಾಕತ್ತಿದಾಗ ತಿನ್ನಾಕ ತಗದ್ಳಂತ. ಬಾಜೂ ಹುಡುಗ್ಯಾರು ಕಸಗೊಂಡ್ರಂತ, ನಿನಗ ಸಿಹಿ ಆಗಂಗಿಲ್ಲ ಅಂತ. ಮನಿಗೆ ಬಂದು ಹೇಳಿದ್ಳು. ನಾ ಕಿವಿಗೆ ಹಾಕ್ಕೊಳ್ಳಲಿಲ್ಲ. ಅಕಿ ಮೈಯಾಗ ಶಕ್ತಿ ಇಲ್ಲ, ಅದಕ್ಕ ಬಿದ್ಳು ಅಂತ ತಿಳ್ಕೊಂಡೆ."

 ಟ್ರಾಕ್ಟರಿನವನು ಕೈಯಲ್ಲಿ ಉಳಿದಿದ್ದ ತನ್ನ ಪಾಲಿನ ಕಬ್ಬನ್ನು ನೋಡಿಕೊಂಡ.

ನಾನು ಎದ್ದು ನಿಂತೆ. ಕಾಲುಗಳು ಗಟ್ಟಿಯಾಗಿದ್ದವು. ಸೈಕಲ್ ಕೊಡು ಎಂದು ಬಾಯಿ ಬಿಟ್ಟು ಕೇಳಲಿಲ್ಲ. ಅವನು ಇನ್ನೊಮ್ಮೆ ಚುಚ್ಚಿ ನೋಡಲು ಹೇಳಿದ, ನೋಡಿದೆ. ಆಮೇಲೆ ಎದ್ದು ಹೋಗಿ ಸೈಕಲ್ಲನ್ನು ಆಟೋದಿಂದ ಇಳಿಸಿದ. ಹ್ಯಾಂಡಲ್ಲು ಸೊಟ್ಟಗಾಗಿತ್ತು, ಮುಂದಿನ ಗಾಲಿಯನ್ನು ಮಂಡಿಗಳ ನಡುವೆ ಹಿಡಿದು ನೆಟ್ಟಗೆ ಮಾಡಿದ. ಮುಂದಿನ ಚೀಲಕ್ಕೆ ಬಿಸ್ಕತ್ತು ತುಂಬಿದ, ಅದು ಮುಚ್ಚದಷ್ಟು ತುಂಬಿದ.

"ಇನ್ನ ನಿಮ್ಮ ಬೆನ್ನಿಗೇ ಇರ್ತೀನಿ," ಎಂದ. "ಮೆಲ್ಲಕ ನಡೀರಿ."

ಕಂಪ್ಲಿಯ ಸರ್ಕಲ್ಲಿನಲ್ಲಿ ನಾದಿನಿಯ ಶಿಷ್ಯೆ ಸಪ್ಪನ್ ಚಾ ಹಿಡಿದು ನಿಂತಿದ್ದಳು. "ಅದರಾಗ ಸಕ್ರಿ ಹಾಕವಾ, ಎರಡು ಚಮಚಿ," ಎಂದೆ. ಅವಳು ಗಾಬರಿಯಾಗಿ ಆಟೋದವನನ್ನು ನೋಡಿದಳು. "ಹಾಕ್ರಿ ಹಾಕ್ರಿ, ನಾ ಹೇಳ್ತೀನಿ ಯಾಕಂತ," ಎಂದು ಅವನು ಇಳಿದುಬಂದ. ಅವಳಿಗೆ ಹೇಳಿದ, ಚಾದಂಗಡಿಯವನಿಗೆ ಹೇಳಿದ, ನಿಂತು ನೋಡುತ್ತಿದ್ದ ಬಾಳೆಕಾಯಿ ಲೋಡಿನವರಿಗೂ ಹೇಳಿದ. ನಾನು ಚಾ ಮುಗಿಸಿ ಹೊರಟರೂ ಅವನದು ಮುಗಿದಿರಲಿಲ್ಲ. ಹಾರ್ನ್ ಬಾರಿಸುತ್ತ ಹಿಂದಿನಿಂದ ಓಡಿಸಿಕೊಂಡು ಬಂದ.

ಕಂಪ್ಲಿಯಿಂದ ಹಂಪಿಯ ಕಡೆಗೆ ದಾರಿ ಹೊಳೆಯ ಆಸುಪಾಸಿನಲ್ಲೇ ಸಾಗುತ್ತದೆ. ಬಾಳೆತೋಟದ ನೆರಳು, ಅಲ್ಲಲ್ಲಿ ನೀರಿನ ತಂಪು. ಸಂಜೆಯ ಬಿಸಿಲು ಬಂಡೆಗಳ ಮೇಲೆ ಬಿದ್ದಾಗ ಇಡೀ ಊರು ಈಗಷ್ಟೇ ಒಲೆಯಿಂದ ತೆಗೆದ ಹಾಗೆ ಕಾಣುತ್ತದೆ. ನನ್ನವರ ಜೊತೆ ಲೂನಾದ ಹಿಂದೆ ಕೂತು ಇಲ್ಲಿಗೆ ಬರುತ್ತಿದ್ದೆ. ಅವರಿಗೆ ಪ್ರತಿ ಬಂಡೆಗೂ ಒಂದು ಹೆಸರಿಡುವ ಚಟ. ಒಂದು ಬಂಡೆಗೆ ನಮ್ಮತ್ತೆಯ ಹೆಸರಿಟ್ಟಿದ್ದರು. ಅದು ಇನ್ನೂ ಹಾಗೇ ಮುಖ ಊದಿಸಿಕೊಂಡು ಕೂತಿತ್ತು. ಒಬ್ಬಳೇ ನಕ್ಕೆ. ಕಾಲುಗಳು ಉರಿಯುತ್ತಿದ್ದವು, ಕೈ ಜೋಮು ಹಿಡಿದಿತ್ತು. ಆದರೂ ಆ ಇಡೀ ದಿನದಲ್ಲಿ ನಾನು ಸುಖವಾಗಿ ತುಳಿದದ್ದು ಆ ದಾರಿಯಲ್ಲೇ. ಬೆನ್ನು ನೆಟ್ಟಗಿಟ್ಟುಕೊಂಡು ತುಳಿದೆ.

ಕಮಲಾಪುರ ದಾಟಿ ಹೊಸಪೇಟೆಯ ಟ್ರಾಫಿಕ್ಕಿಗೆ ಬಿದ್ದಾಗ ದೀಪ ಹಚ್ಚುವ ಹೊತ್ತು. ಬಳಗದ ಹುಡುಗರು ಯಾವಾಗಲೋ ಬಂದು ಸ್ನಾನ ಮಾಡಿ ಕಾಯುತ್ತಿದ್ದರು. ನಾನೇ ಕೊನೆಯವಳು. ಚಪ್ಪಾಳೆ, ಸೀಟಿ, ಮೊಬೈಲುಗಳು. ನಾದಿನಿ ಮಲ್ಲಿಗೆಯ ಹಾರ ಹಿಡಿದು ಮುಂದೆ ಬಂದವಳು ನನ್ನ ಮೊಣಕೈಯ ಗಾಯ ನೋಡಿ ನಿಂತಳು.

"ಎಲ್ಲಿ ಬಿದ್ರಿ?"

"ಕಂಪ್ಲಿ ದಾರ್ಯಾಗ. ನಿನ್ನ ಶಿಷ್ಯಾರ ಪಥ್ಯದಿಂದ."

"ನನ್ನ ಶಿಷ್ಯಾರನ್ನ ಅನ್ನಬ್ಯಾಡ್ರಿ. ಹೇಳಿದ್ದಂಗ ಕೇಳ್ಯಾರ ಅವು," ಎಂದು ಹಾರ ಹಾಕಿ, ಯಾರೂ ನೋಡದ ಹಾಗೆ ನನ್ನ ಕೆನ್ನೆ ಸವರಿದಳು.  ದಿನವಿಡೀ ಊಟ ಮಾಡಿರಲಿಲ್ಲವಂತೆ.

ನಾನು ಆಟೋದವನ ಕಡೆ ನೋಡಿದೆ. ಅವನು ದೂರದಲ್ಲಿ ನಿಂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಬಂದ್ರಲೇ, ಬಂದ್ರು. ಸೈಕಲ್ ಮ್ಯಾಲ. ಹೌದು, ಬಿದ್ರು, ಎದ್ರು. ಯೂನಿಫಾರ್ಮ್ ತೊಳದು ಹಾಕು."

ಸೋಮವಾರ ಬೆಳಗ್ಗೆ ಅವನು ನನ್ನನ್ನೂ ಕರೆದುಕೊಂಡು ಹೋದ. ನನ್ನ ತೊಡೆಗಳು ಒನಕೆಯಂತೆ ಬಿಗಿದಿದ್ದವು, ಆಟೋದಿಂದ ಇಳಿಯಲು ಹುಡುಗಿಯೇ ಕೈ ಕೊಟ್ಟಳು. ಕ್ಲಾಸಿನ ಬಾಗಿಲಲ್ಲಿ ಟೀಚರನ್ನು ಕೇಳಿ, ಚಪ್ಪಲಿ ಬಿಟ್ಟು ಒಳಗೆ ಹೋದ. ಖಾಕಿ ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದ. ನಾನು ಮಾತಾಡಲಿ ಎಂದು ಟೀಚರ್ ನನ್ನ ಕಡೆ ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ. ಅವನೇ ಮಾತಾಡಿದ.

"ನೋಡ್ರವಾ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ನನಗೂ ಗೊತ್ತಿರಲಿಲ್ಲ. ಇಕಿಗೆ ಬೆವರು ಬಂತು, ಕೈ ನಡುಗಿದ್ವು, ಸುಮ್ಸುಮ್ನೆ ಸಿಟ್ಟು ಮಾಡಿದ್ಳು ಅಂದ್ರ ಮೊದಲು ಬಾಯಾಗ ಸಕ್ರಿ. ನುಂಗಾಕ ಆಗದಂಗ ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕಬ್ಯಾಡ್ರಿ, ಆಸ್ಪತ್ರಿಗೆ ಓಡ್ರಿ. ಕಸಗೋಬ್ಯಾಡ್ರಿ. ಕೊಡ್ರಿ."

"ಇಕಿ ಯಾವಾಗ್ಲೂ ಸಿಟ್ಟು ಮಾಡ್ತಾಳ್ರಿ ಅಂಕಲ್. ದಿನಾ ಸಕ್ರಿ ತಿನ್ನಸೋಣೇನು?" ಎಂದಳು ಪಕ್ಕದ ಬೆಂಚಿನವಳು. ಕ್ಲಾಸು ಗೊಳ್ಳೆಂದಿತು.

"ಸಾಕು ಹೋಗಪಾ!" ಎಂದು ಹುಡುಗಿ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು. ಆದರೆ ಕೂತದ್ದು ನಡುಬೆಂಚಿನ ಮೇಲೆ, ಭುಜಕ್ಕೆ ಭುಜ ತಾಗಿಸಿಕೊಂಡು.

ಹೊರಗೆ ಬಂದು ಆಟೋ ಶುರು ಮಾಡುತ್ತಾನೆ ಎಂದುಕೊಂಡೆ. ಮಾಡಲಿಲ್ಲ. ಗೇಟಿನ ಎದುರು ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಕ್ಲಾಸಿನ ಕಿಟಕಿ ಕಾಣುವ ಹಾಗೆ ತಿರುಗಿ ಕೂತ. ನಾನೂ ಹಿಂದೆ ಕೂತೆ. ಒಳಗಿನಿಂದ ಮಕ್ಕಳು ಒಟ್ಟಾಗಿ ಪದ್ಯ ಹೇಳುವುದು, ಯಾರದೋ ಕೆಮ್ಮು, ಡಸ್ಟರ್ ಬಡಿಯುವ ಸದ್ದು ಕೇಳುತ್ತಿತ್ತು. ಸ್ಟೇಷನ್ ಕಡೆಗೆ ಹೋಗಬೇಕಾದ ಗಂಡಸೊಬ್ಬ ಎರಡು ಚೀಲ ಹಿಡಿದು ಬಂದ.

"ಖಾಲಿ ಐತೇನಪ್ಪಾ?"

"ಇಲ್ರಿ," ಎಂದ ಅವನು, ಕಿಟಕಿಯಿಂದ ಕಣ್ಣು ತೆಗೆಯದೆ. "ಇವತ್ತ ಬಾಡಿಗಿ ಇಲ್ಲ. ನನ್ನ ಮಗಳು ಒಳಗ ಅದಾಳ, ಕ್ಲಾಸಿನಾಗ."